ಐದು ದಿನ ರೊಟ್ಟಿಗೆ ರಜೆ, ಎರಡು ದಿನ ಹಬ್ಬ



ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ದೊಡ್ಡ ಊರುಗಳಲ್ಲಿ ಈಗ ಜಿಮ್‌ಗಳು ಬಂದಿವೆ. ತಾಲೀಮಿನ ಕೆಂಪು ಮಣ್ಣಿನಲ್ಲಿ ದಂಡ-ಬೈಠಕ್ ಹೊಡೆದವರ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿದವರ ಮೊಮ್ಮಕ್ಕಳು ಕಬ್ಬಿಣದ ಭಾರ ಎತ್ತುತ್ತಿದ್ದಾರೆ. ಬಹಳ ಒಳ್ಳೆಯ ಮಾತು. ಆದರೆ ಜಿಮ್ಮಿನ ಜೊತೆಗೆ ಊಟದ ಒಂದು ಹೊಸ ಪದ್ಧತಿಯೂ ಊರೊಳಗೆ ಬಂದಿದೆ. ‘ಸೋಮವಾರದಿಂದ ಶುಕ್ರವಾರದ ತನಕ ರೊಟ್ಟಿ ಮುಟ್ಟಬೇಡ, ಅನ್ನ ಮುಟ್ಟಬೇಡ. ಶನಿವಾರ, ರವಿವಾರ ಬೇಕಾದಷ್ಟು ತಿನ್ನು. ಹೊಟ್ಟೆ ಕರಗುತ್ತದೆ, ತೋಳು ಉಳಿಯುತ್ತದೆ’ ಎಂದು ಹುಡುಗರು ಒಬ್ಬರಿಗೊಬ್ಬರು ಹೇಳುತ್ತಾರೆ. ಇದಕ್ಕೆ ಚಕ್ರೀಯ ಕೀಟೋಜೆನಿಕ್ ಆಹಾರಕ್ರಮ ಎಂದು ಹೆಸರು. ಆಡುಮಾತಿನಲ್ಲಿ ಕೀಟೋ ಎಂದರೆ ಸಾಕು.

ಮಗ ರೊಟ್ಟಿ ಬಿಟ್ಟನಲ್ಲ ಎಂದು ತಾಯಿಗೆ ಚಿಂತೆ. ಮಗನ ಹೊಟ್ಟೆ ಕರಗಿತಲ್ಲ, ನಾನೂ ಯಾಕೆ ಮಾಡಬಾರದು ಎಂದು ಸಕ್ಕರೆ ಕಾಯಿಲೆಯ ತಂದೆಗೆ ಆಸೆ. ಆದ್ದರಿಂದ ಈ ಪದ್ಧತಿ ಎಂದರೇನು, ಅದು ದೇಹದೊಳಗೆ ಹೇಗೆ ನಡೆಯುತ್ತದೆ, ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂಬ ನಾಲ್ಕು ಮಾತುಗಳನ್ನು ಇಂದು ನೋಡೋಣ. ನಾನು ವೈದ್ಯನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜಮಾ-ಖರ್ಚು ಬರೆದವನು. ದೇಹದ ಈ ವ್ಯವಹಾರವೂ ಬಹುಮಟ್ಟಿಗೆ ಜಮಾ-ಖರ್ಚಿನದೇ ಆಗಿರುವುದರಿಂದ ಆ ರೀತಿಯಲ್ಲೇ ಹೇಳುತ್ತೇನೆ.

ಮೊದಲು, ದೇಹದಲ್ಲಿ ಎರಡು ಖಾತೆಗಳಿವೆ ಎಂದು ತಿಳಿಯಿರಿ. ಒಂದು ಉಳಿತಾಯ ಖಾತೆ, ಇನ್ನೊಂದು ಮುದ್ದತಿ ಠೇವಣಿ.

ರೊಟ್ಟಿ, ಅನ್ನ, ಸಕ್ಕರೆ, ಬೆಲ್ಲ, ಬಾಳೆಹಣ್ಣು ಇವುಗಳಲ್ಲಿ ಪಿಷ್ಟ ಮತ್ತು ಸಕ್ಕರೆ ಹೆಚ್ಚು. ಹೊಟ್ಟೆಗೆ ಹೋದ ಮೇಲೆ ಇವೆಲ್ಲ ಬಹುತೇಕ ಗ್ಲೂಕೋಸ್ ಆಗುತ್ತವೆ. ಆಗಿಂದಾಗ ಖರ್ಚಾಗದೆ ಉಳಿದದ್ದನ್ನು ದೇಹವು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಪಿತ್ತಜನಕಾಂಗದಲ್ಲಿ, ಅಂದರೆ ಲಿವರಿನಲ್ಲಿ, ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಒಟ್ಟು ಲೆಕ್ಕ ಹಾಕಿದರೆ ಸುಮಾರು 2,000 ಕ್ಯಾಲೊರಿ. ಇದು ಉಳಿತಾಯ ಖಾತೆ. ಬೇಕೆಂದಾಗ ಬೇಗ ಸಿಗುತ್ತದೆ, ಆದರೆ ಮೊತ್ತ ಚಿಕ್ಕದು.

ಇನ್ನು ಕೊಬ್ಬು. 80 ಕಿಲೋ ವಜನದ ಒಬ್ಬ ಮನುಷ್ಯನಲ್ಲಿ ನಾಲ್ಕನೇ ಒಂದು ಭಾಗ ಕೊಬ್ಬು ಇದೆ ಎನ್ನೋಣ. ಅಂದರೆ 20 ಕಿಲೋ. ಮೈಮೇಲಿನ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ಹಾಗಾದರೆ ಅವನ ಹತ್ತಿರ ಒಂದೂವರೆ ಲಕ್ಷ ಕ್ಯಾಲೊರಿಗೂ ಮಿಕ್ಕಿ ಠೇವಣಿ ಇದೆ. ಮೊತ್ತ ದೊಡ್ಡದು, ಆದರೆ ನಿಧಾನವಾಗಿ ಮಾತ್ರ ಕೈಗೆ ಬರುತ್ತದೆ.

ಪ್ರತಿ ಹೊತ್ತೂ ರೊಟ್ಟಿ-ಅನ್ನ ತಿನ್ನುತ್ತಿದ್ದರೆ ರಕ್ತದಲ್ಲಿ ಇನ್ಸುಲಿನ್ ಎಂಬ ರಸ ಏರುತ್ತದೆ. ಅದು ಏರಿದಾಗ ದೇಹವು ಠೇವಣಿಯನ್ನು ಮುರಿಯುವುದು ಕಡಿಮೆ. ಪಿಷ್ಟವನ್ನು ದಿನಕ್ಕೆ 50 ಗ್ರಾಮಿನ ಒಳಗೆ ಇಳಿಸಿದರೆ ಕೆಲವೇ ದಿನಗಳಲ್ಲಿ ಲಿವರಿನ ಗ್ಲೈಕೋಜನ್ ಬಹುಪಾಲು ಖಾಲಿಯಾಗುತ್ತದೆ, ಇನ್ಸುಲಿನ್ ಇಳಿಯುತ್ತದೆ, ಕೊಬ್ಬು ಹೊರಗೆ ಬರತೊಡಗುತ್ತದೆ. ಲಿವರು ಆ ಕೊಬ್ಬಿನ ಒಂದು ಭಾಗವನ್ನು ಕೀಟೋನ್ ಎಂಬ ಪದಾರ್ಥಗಳಾಗಿ ಮಾಡುತ್ತದೆ. ಮಿದುಳು ಕೊಬ್ಬನ್ನು ನೇರವಾಗಿ ಇಂಧನವಾಗಿ ಬಳಸಲಾರದು, ಕೀಟೋನನ್ನು ಬಳಸಬಲ್ಲದು. ಕೀಟೋಜೆನಿಕ್ ಎಂದರೆ ಕೀಟೋನ್ ಹುಟ್ಟಿಸುವ ಊಟ ಎಂದಷ್ಟೇ ಅರ್ಥ. ಈ ಊಟ ಮಾಡುವವರ ಬಾಯಿಂದ ಹಣ್ಣು ಕೊಳೆತಂಥ ವಾಸನೆ ಬರುವುದೂ ಕೀಟೋನುಗಳಲ್ಲಿ ಒಂದಾದ ಅಸಿಟೋನಿನಿಂದ.

ಈ ಊಟ ಹುಟ್ಟಿದ್ದು ಮೈ ಇಳಿಸುವುದಕ್ಕಲ್ಲ, ಫಿಟ್ಸ್ ರೋಗಕ್ಕೆ. ಉಪವಾಸ ಮಾಡಿದರೆ ಫಿಟ್ಸ್ ಕಡಿಮೆಯಾಗುತ್ತದೆಂದು ವೈದ್ಯರು ಗಮನಿಸಿದ್ದರು. ಆದರೆ ಎಷ್ಟು ದಿನ ಉಪವಾಸ ಹಾಕಲು ಬಂದೀತು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ರಸೆಲ್ ವೈಲ್ಡರ್ ಅವರು, ಕೊಬ್ಬು ಬಹಳ, ಪಿಷ್ಟ ಅತಿ ಕಡಿಮೆ ಇರುವ ಊಟ ಕೊಟ್ಟರೆ ಉಪವಾಸದ ಪರಿಣಾಮವನ್ನೇ ಪಡೆಯಬಹುದು ಎಂದು ಸೂಚಿಸಿದರು. ಮಾತ್ರೆಗೆ ಬಗ್ಗದ ಫಿಟ್ಸ್ ಇರುವ ಮಕ್ಕಳಿಗೆ ಇಂದಿಗೂ ಆಸ್ಪತ್ರೆಗಳಲ್ಲಿ, ವೈದ್ಯರ ಕಣ್ಣಮುಂದೆ, ಈ ಊಟವನ್ನು ತೂಗಿ ಕೊಡುತ್ತಾರೆ.

ಸರಿ, ಬರೀ ಕೀಟೋ ಸಾಲದೇ? ಮತ್ತೆ ಎರಡು ದಿನದ ಹಬ್ಬ ಯಾಕೆ ಬೇಕು? ಇದಕ್ಕೆ ಉತ್ತರ ಭಾರ ಎತ್ತುವ ಕೆಲಸದಲ್ಲೇ ಇದೆ.

ನಡೆಯುವಾಗ, ಹೊಲದಲ್ಲಿ ನಿಧಾನವಾಗಿ ಕೆಲಸ ಮಾಡುವಾಗ, ಉಸಿರಿನ ಗಾಳಿ ಧಾರಾಳವಾಗಿ ಸಿಗುತ್ತದೆ. ಆಗ ದೇಹವು ಕೊಬ್ಬನ್ನು ಸುಟ್ಟು ನಡೆಸಿಕೊಳ್ಳಬಲ್ಲದು. ಆದರೆ ಹೆಗಲ ಮೇಲೆ 80 ಕಿಲೋ ಹೊತ್ತು ಹತ್ತು ಸಲ ಕುಳಿತು ಏಳಬೇಕೆಂದರೆ ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಬಹಳ ಶಕ್ತಿ ಬೇಕು. ಮೊದಲ ಹತ್ತು ಸೆಕೆಂಡು ಸ್ನಾಯುವಿನೊಳಗೆ ಸಿದ್ಧವಾಗಿರುವ ಚಿಲ್ಲರೆಯಲ್ಲಿ ಸಾಗುತ್ತದೆ. ಆಮೇಲೆ ಮುಖ್ಯವಾಗಿ ಗ್ಲೈಕೋಜನ್ನೇ ಆಗಬೇಕು. ಕೊಬ್ಬು ಅಷ್ಟು ಬೇಗ ಒದಗುವುದಿಲ್ಲ. ಬರೀ ಕೀಟೋ ಮಾಡುತ್ತ ಭಾರ ಎತ್ತುವವನ ಸ್ನಾಯುಗಳಲ್ಲಿ ಈ ಖಾತೆ ದಿನದಿನಕ್ಕೆ ಬರಿದಾಗುತ್ತದೆ. ಹತ್ತು ಸಲ ಎತ್ತುತ್ತಿದ್ದವನಿಗೆ ಏಳಕ್ಕೇ ಕೈ ಸೋಲುತ್ತದೆ.

ಈ ಖಾತೆ ತುಂಬುವ ಗುಟ್ಟನ್ನು ಹೊರಗೆ ತಂದವರು ಸ್ವೀಡನ್ ದೇಶದ ಇಬ್ಬರು ವೈದ್ಯರು, ಬೆರ್ಗ್‌ಸ್ಟ್ರಮ್ ಮತ್ತು ಹಲ್ಟ್‌ಮನ್. 1966ರಲ್ಲಿ ಪ್ರಕಟವಾದ ಅವರ ಪ್ರಯೋಗ ಕೇಳುವಂತಿದೆ. ಒಂದೇ ಸೈಕಲ್ಲಿನ ಎರಡು ಬದಿಗೆ ಇಬ್ಬರೂ ಕುಳಿತು ತಲಾ ಒಂದೇ ಕಾಲಿನಿಂದ, ಸುಸ್ತಾಗುವ ತನಕ ತುಳಿದರು. ಇನ್ನೊಂದು ಕಾಲಿಗೆ ವಿಶ್ರಾಂತಿ. ನಂತರ ಮೂರು ದಿನ ಪಿಷ್ಟ ಹೆಚ್ಚಿರುವ ಊಟ ಮಾಡಿದರು. ತೊಡೆಗೆ ಸೂಜಿ ಹಾಕಿ ಸ್ನಾಯುವಿನ ಚೂರು ತೆಗೆದು ನೋಡಿದರೆ, ದಣಿದ ಕಾಲಿನಲ್ಲಿ ಗ್ಲೈಕೋಜನ್ ದಣಿಯದ ಕಾಲಿನ ಸುಮಾರು ಎರಡು ಪಟ್ಟು ಆಗಿತ್ತು. ಅಂದರೆ ಸ್ನಾಯುವನ್ನು ಮೊದಲು ಬರಿದು ಮಾಡಿ, ಆಮೇಲೆ ಪಿಷ್ಟ ಕೊಟ್ಟರೆ, ಆ ಸ್ನಾಯು ವಾಡಿಕೆಗಿಂತ ಹೆಚ್ಚು ತುಂಬಿಕೊಳ್ಳುತ್ತದೆ.

ಭಾರ ಎತ್ತುವವರು ಇದನ್ನೇ ಕೀಟೋಗೆ ಜೋಡಿಸಿದರು. ಕೆನಡಾದ ವೈದ್ಯರೂ ಪವರ್‌ಲಿಫ್ಟಿಂಗ್ ಪಟುವೂ ಆದ ಮೌರೋ ಡಿ ಪಾಸ್ಕ್ವಾಲೆ 1995ರಲ್ಲಿ, ಅಮೆರಿಕದ ಡಾನ್ ಡುಚೇನ್ 1996ರಲ್ಲಿ ಈ ಬಗ್ಗೆ ಪುಸ್ತಕ ಬರೆದರು. 1998ರಲ್ಲಿ ಲೈಲ್ ಮೆಕ್‌ಡೊನಾಲ್ಡ್ ಎಂಬವರು ಲೆಕ್ಕಪತ್ರ ಸಮೇತ ಇನ್ನೊಂದು ಪುಸ್ತಕ ತಂದರು. ಹುಡುಗರ ಕೈಯ ಫೋನಿಗೆ ಇಂದು ಬರುವುದು ಬಹಳಷ್ಟು ಈ ಪುಸ್ತಕಗಳ ಮಾತೇ.

ಅವರ ವಾರ ಹೀಗೆ ನಡೆಯುತ್ತದೆ. ಸೋಮವಾರ, ಮಂಗಳವಾರ ಹೆಚ್ಚು ಭಾರ, ಕಡಿಮೆ ಸಲ. ಬುಧವಾರ, ಗುರುವಾರ ನಡಿಗೆ ಅಥವಾ ವಿಶ್ರಾಂತಿ. ಈ ದಿನಗಳಲ್ಲೆಲ್ಲ ಪಿಷ್ಟ 30 ಗ್ರಾಮಿನ ಆಸುಪಾಸು. ಶುಕ್ರವಾರ ಹಗುರ ಭಾರವನ್ನು ಬಹಳ ಸಲ ಎತ್ತಿ, ಮೈಯ ಎಲ್ಲ ಸ್ನಾಯುಗಳನ್ನೂ ಬರಿದು ಮಾಡುವುದು. ಆ ಸಂಜೆಯಿಂದ ಹಬ್ಬ ಶುರು. ಮೊದಲ 24 ತಾಸಿನಲ್ಲಿ, ಕೊಬ್ಬು ಬಿಟ್ಟು ಉಳಿದ ಮೈತೂಕದ ಪ್ರತಿ ಕಿಲೋಗೆ 8ರಿಂದ 10 ಗ್ರಾಂ ಪಿಷ್ಟ. ಮರುದಿನ ಅದರ ಅರ್ಧ. ಹಬ್ಬದ ದಿನಗಳಲ್ಲಿ ಎಣ್ಣೆ-ಬೆಣ್ಣೆ ಕಡಿಮೆ ಮಾಡಬೇಕು. ಈ ಕೊನೆಯ ಮಾತನ್ನು ನಮ್ಮ ಹುಡುಗರು ಮರೆಯುವುದೇ ಹೆಚ್ಚು.

ಈಗ ಇದೇ ಲೆಕ್ಕವನ್ನು ನಮ್ಮ ಅಡಿಗೆಮನೆಗೆ ತರೋಣ. ತಾಯಂದಿರು ಲಕ್ಷ್ಯಗೊಟ್ಟು ಕೇಳಬೇಕು.

60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ. ನಮ್ಮ ಮಂಗಳವೇಢೆಯ ಮಾಲದಂಡಿ ಜೋಳವೇ ಇರಲಿ, ಬೇರೆ ಜೋಳವೇ ಇರಲಿ, ಅದರಲ್ಲಿ ಪಿಷ್ಟ ಸುಮಾರು 40 ಗ್ರಾಂ. ಅಂದರೆ ಒಂದೇ ರೊಟ್ಟಿಗೆ ಕೀಟೋ ದಿನದ ಮಿತಿ ಮುಗಿಯಿತು. ಒಂದು ಬಾಳೆಹಣ್ಣು 25 ಗ್ರಾಂ. ಎರಡು ಚಮಚ ಸಕ್ಕರೆ ಹಾಕಿದ ಚಹಾ 10 ಗ್ರಾಂ. 100 ಗ್ರಾಂ ತೊಗರಿಬೇಳೆಯಲ್ಲಿ ಪ್ರೋಟೀನು ಸುಮಾರು 22 ಗ್ರಾಂ, ಆದರೆ ಪಿಷ್ಟ 55 ಗ್ರಾಂ. ಹೀಗಾಗಿ ರೊಟ್ಟಿಯ ಜೊತೆಗೆ ಬೇಳೆ, ಮಡಕಿ ಕಾಳು, ಜುಣಕ ಇವನ್ನೂ ಬಹುಮಟ್ಟಿಗೆ ಬಿಡಬೇಕಾಗುತ್ತದೆ. ಉಳಿಯುವುದೇನು? ಮೊಟ್ಟೆ, ಕೋಳಿ, ಮೀನು, ಪನೀರು, ಸ್ವಲ್ಪ ಮೊಸರು, ಒಂದು ಹಿಡಿ ಶೇಂಗಾ, ಮೆಂತ್ಯೆ ಸೊಪ್ಪು, ಪುಂಡಿ ಪಲ್ಯ, ಬದನೆ, ಹೀರೆ, ಸವತೆ.

ಮೊಟ್ಟೆ-ಮಾಂಸ ತಿನ್ನುವ ಮನೆಯಲ್ಲಿ ಇದು ಹೇಗೋ ನಡೆದೀತು. ತಿನ್ನದ ಮನೆಗಳಲ್ಲಿ ಪ್ರೋಟೀನಿನ ದೊಡ್ಡ ಪಾಲು ಬರುವುದೇ ಬೇಳೆ-ಕಾಳಿನಿಂದ. ಅದನ್ನು ಬಿಟ್ಟು ಬರೀ ತುಪ್ಪ, ಶೇಂಗಾ ಹಿಂಡಿಯ ಮೇಲೆ ಕುಳಿತರೆ ಕೀಟೋನ್ ಏನೋ ಬರುತ್ತದೆ, ಆದರೆ ಸ್ನಾಯು ಕರಗುತ್ತದೆ. ಭಾರ ಎತ್ತುವವರಿಗೆ ದಿನಕ್ಕೆ ಮೈತೂಕದ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನು ಬೇಕು. 70 ಕಿಲೋ ಹುಡುಗನಿಗೆ 110 ಗ್ರಾಮಿನಷ್ಟಾಯಿತು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ, 100 ಗ್ರಾಂ ಪನೀರಿನಲ್ಲಿ 18ರಿಂದ 20 ಗ್ರಾಂ. ಆ ಮನೆಯ ತಿಂಗಳ ಸಂತೆಯ ಖರ್ಚು ಎಷ್ಟಾಗುವುದೆಂದು ನೀವೇ ಗುಣಿಸಿ ನೋಡಿ.

ಇನ್ನು ಹಬ್ಬದ ದಿನ. ಕೊಬ್ಬು ಬಿಟ್ಟು 60 ಕಿಲೋ ತೂಗುವವನು ಪುಸ್ತಕದಂತೆ ನಡೆದರೆ ಮೊದಲ ದಿನವೇ 480ರಿಂದ 600 ಗ್ರಾಂ ಪಿಷ್ಟ ತಿನ್ನಬೇಕು. ರೊಟ್ಟಿಯಲ್ಲೇ ಲೆಕ್ಕ ಹಿಡಿದರೆ ಹನ್ನೆರಡರಿಂದ ಹದಿನೈದು ರೊಟ್ಟಿ! ವಾರವೆಲ್ಲ ಸ್ನಾಯುಗಳನ್ನು ನಿಜವಾಗಿ ಬರಿದು ಮಾಡಿದವನಿಗೆ ಮಾತ್ರ ಅದು ಸ್ನಾಯುವಿನೊಳಗೆ ಹೋಗಿ ಕೂರುತ್ತದೆ. ವಾರಕ್ಕೆ ಎರಡು ದಿನ ಜಿಮ್ಮಿಗೆ ಹೋಗಿ ಕನ್ನಡಿ ನೋಡಿಕೊಂಡು ಬರುವವನಿಗೆ ಅದು ಕೊಬ್ಬಿನ ಖಾತೆಗೇ ಜಮೆ.

ಇಲ್ಲಿ ಒಂದು ಸಣ್ಣ ಲೆಕ್ಕ. ಐದು ದಿನ, ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ 2,500 ಉಳಿಯಿತು. ಶನಿವಾರ, ರವಿವಾರ ಖರ್ಚಿಗಿಂತ 1,250ರಂತೆ ಹೆಚ್ಚು ತಿಂದರೆ ಆ 2,500 ಹೋಯಿತು. ವಾರದ ಕೊನೆಗೆ ಶಿಲ್ಕು ಸೊನ್ನೆ. ಹೋಳಿಗೆ, ತುಪ್ಪ, ಭಜಿ, ಮೇಲೆ ಒಂದು ತಾಟು ಬಿರ್ಯಾನಿ ಆದರೆ 1,250 ದಾಟುವುದು ಏನೂ ಕಷ್ಟವಲ್ಲ.

‘ಆದರೆ ಒಂದೇ ವಾರದಲ್ಲಿ ನನ್ನ ವಜನ ಎರಡೂವರೆ ಕಿಲೋ ಇಳಿಯಿತಲ್ಲ!’ ಎಂದು ಹುಡುಗ ಹೇಳುತ್ತಾನೆ. ತಕ್ಕಡಿ ಸುಳ್ಳು ಹೇಳಿಲ್ಲ. ಆದರೆ ಇಳಿದದ್ದು ಬಹುಪಾಲು ನೀರು. ಪ್ರತಿ ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿರುತ್ತದೆ. ಗ್ಲೈಕೋಜನ್ ಖಾಲಿಯಾದಾಗ ಆ ನೀರೂ ಹೋಗುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರದಲ್ಲಿ ಉಪ್ಪೂ ಹೆಚ್ಚು ಹೋಗುತ್ತದೆ. ಮೊದಲ ವಾರದ ತಲೆನೋವು, ತಲೆ ತಿರುಗು, ಮೀನಖಂಡದ ಸೆಳೆತ ಬಹುಮಟ್ಟಿಗೆ ಇದರಿಂದಲೇ. ಸೊಲ್ಲಾಪುರದ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುವಾಗ ಹೊಲದಲ್ಲಿ ಬೆವರು ಸುರಿಸುವವನು ಇದನ್ನು ಶುರು ಮಾಡುವುದು ಸರಿಯಲ್ಲ. ಹಬ್ಬದ ಎರಡು ದಿನ ಮುಗಿದ ಕೂಡಲೇ ಆ ನೀರು ಮರಳಿ ಬರುತ್ತದೆ, ತಕ್ಕಡಿ ಮತ್ತೆ ಏರುತ್ತದೆ. ಆದ್ದರಿಂದ ಈ ಪದ್ಧತಿಯಲ್ಲಿ ತಕ್ಕಡಿಗಿಂತ ಸೊಂಟಕ್ಕೆ ಹಿಡಿದ ಟೇಪನ್ನೇ ನಂಬಬೇಕು. ಅದನ್ನೂ ವಾರಕ್ಕೊಮ್ಮೆ, ಅದೇ ವಾರ, ಅದೇ ಹೊತ್ತಿಗೆ ನೋಡಬೇಕು.

ಹಾಗಾದರೆ ಇದು ಬೇರೆ ಊಟಕ್ಕಿಂತ ಮೇಲೋ? ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 2020ರಲ್ಲಿ ಚೆಕ್ ದೇಶದ ಪ್ರಾಗ್ ನಗರದ ಸಂಶೋಧಕರು 25 ಆರೋಗ್ಯವಂತ ಯುವಕರನ್ನು ಎರಡು ಗುಂಪು ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಚಕ್ರೀಯ ಕೀಟೋ, ಇನ್ನೊಂದಕ್ಕೆ ಎಲ್ಲವೂ ಇರುವ, ಆದರೆ ಅಳತೆ ಕಡಿಮೆ ಮಾಡಿದ ಸಾದಾ ಊಟ. ಎರಡರಲ್ಲೂ ದಿನಕ್ಕೆ 500 ಕ್ಯಾಲೊರಿ ಕಡಿತ. ಎರಡಕ್ಕೂ ಭಾರ ಎತ್ತುವ ಮತ್ತು ದಮ್ಮಿನ ವ್ಯಾಯಾಮ. ಎಂಟು ವಾರದ ನಂತರ ಎರಡು ಗುಂಪಿನಲ್ಲೂ ಕೊಬ್ಬು ಇಳಿದಿತ್ತು. ಆದರೆ ಕೀಟೋ ಗುಂಪಿನವರಲ್ಲಿ ನೀರು ಮತ್ತು ಕೊಬ್ಬಿಲ್ಲದ ಮೈತೂಕವೂ ಇಳಿದಿತ್ತು. ಬಲ ಮತ್ತು ದಮ್ಮು ಹೆಚ್ಚಿದ್ದು ಸಾದಾ ಊಟದ ಗುಂಪಿನಲ್ಲಿ. ಪ್ರಯೋಗ ಚಿಕ್ಕದು, ಅದೊಂದನ್ನೇ ಕೊನೆಯ ತೀರ್ಪು ಎನ್ನಬಾರದು. ಆದರೂ ಅದಕ್ಕೂ ಮೊದಲು, 2018ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಒಂದು ವರ್ಷ ನೋಡಿದ್ದರು. ಕೊಬ್ಬು ಕಡಿಮೆ ತಿಂದವರು ಸರಾಸರಿ 5.3 ಕಿಲೋ, ಪಿಷ್ಟ ಕಡಿಮೆ ತಿಂದವರು 6 ಕಿಲೋ ಇಳಿದಿದ್ದರು. ಇದು ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವಲ್ಲ ಎಂದು ಅವರೇ ತೀರ್ಮಾನಿಸಿದರು. ಒಟ್ಟು ಮಾತು ಇಷ್ಟು: ಮೈಕೊಬ್ಬು ಇಳಿಯುವುದು ಖರ್ಚಿಗಿಂತ ಜಮೆ ಕಡಿಮೆಯಾದಾಗ. ರೊಟ್ಟಿ ಬಿಟ್ಟರೆ ಕೆಲವರಿಗೆ ಹಸಿವೆ ಕಡಿಮೆಯಾಗಿ ಇದು ಸುಲಭವಾಗುತ್ತದೆ. ಅಂಥವರಿಗೆ, ಮೈಯಲ್ಲಿ ಯಾವ ಕಾಯಿಲೆಯೂ ಇಲ್ಲದಿದ್ದರೆ, ತೂಗಿ ತಿನ್ನುವ ಶಿಸ್ತೂ ಇದ್ದರೆ, ಈ ಪದ್ಧತಿ ಒಂದು ದಾರಿ. ಅದೊಂದೇ ದಾರಿಯಲ್ಲ.

ಈಗ ಇಂದಿನ ಮಾತಿನ ಅತಿ ಮುಖ್ಯ ಭಾಗಕ್ಕೆ ಬಂದೆ. ಯಾರಿಗೆ ಇದು ಸಲ್ಲದು?

ಒಂದು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ತಿನ್ನುವವರು. ಮಾತ್ರೆ ಅಷ್ಟೇ ಇಟ್ಟು ರೊಟ್ಟಿ ಬಿಟ್ಟರೆ ರಕ್ತದ ಸಕ್ಕರೆ ಏಕಾಏಕಿ ಕುಸಿದು ಎಚ್ಚರ ತಪ್ಪಬಹುದು.

ಎರಡು, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ತಿನ್ನುವವರು. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಎಂದು ಬರುತ್ತದೆ, ಪಾಕೀಟಿನ ಮೇಲೆ ನೋಡಿಕೊಳ್ಳಿ. ಈ ಮಾತ್ರೆಯ ಜೊತೆ ಕೀಟೋ ಸೇರಿದರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲವಾಗಬಹುದು. ಆಗ ಸಕ್ಕರೆ ಬಹಳ ಏರಿರುವುದೂ ಇಲ್ಲ, ಆದ್ದರಿಂದ ಮನೆಯವರಿಗೆ ಗೊತ್ತಾಗುವುದು ತಡ. ವಾಂತಿ, ಹೊಟ್ಟೆನೋವು, ದೀರ್ಘವಾದ ಜೋರು ಉಸಿರು, ಮಂಪರು ಕಂಡರೆ ಲಿಂಬೆಹಣ್ಣಿನ ಶರಬತ್ತು ಕುಡಿಸುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ, ಯಾವ ಮಾತ್ರೆ, ಯಾವ ಊಟ ಎಂಬುದನ್ನು ಡಾಕ್ಟರಿಗೆ ಹೇಳಿರಿ.

ಮೂರು, ಮೂತ್ರಪಿಂಡದ ತೊಂದರೆ, ಮೂತ್ರದಲ್ಲಿ ಕಲ್ಲು, ಲಿವರು ಅಥವಾ ಮೇದೋಜೀರಕದ ಕಾಯಿಲೆ ಇರುವವರು. ಬಿ.ಪಿ. ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಮಾಡಬಾರದು, ಏಕೆಂದರೆ ಉಪ್ಪು-ನೀರು ಹೋದಾಗ ಬಿ.ಪಿ. ತೀರ ಇಳಿಯಬಹುದು. ಕೆಲವರಲ್ಲಿ ಕೆಟ್ಟ ಕೊಲೆಸ್ಟೆರಾಲ್ ಬಹಳ ಏರುತ್ತದೆ, ರಕ್ತ ಪರೀಕ್ಷೆ ಮಾಡಿಸದೆ ಅದು ತಿಳಿಯದು.

ನಾಲ್ಕು, ಬಸುರಿಯರು, ಬಾಣಂತಿಯರು, ಬೆಳೆಯುವ ವಯಸ್ಸಿನ ಮಕ್ಕಳು.

ಐದು, ಭರ್ತಿಗೆ ತಯಾರಿ ನಡೆಸಿರುವ ತಮ್ಮಂದಿರು. ಪೊಲೀಸ್ ಭರ್ತಿಯಲ್ಲಾಗಲಿ ಸೈನ್ಯದ ಭರ್ತಿಯಲ್ಲಾಗಲಿ 1,600 ಮೀಟರ್ ಓಟ ಇದೆ. ಐದಾರು ನಿಮಿಷದ ಆ ಓಟ ನಡೆಯುವುದು ಮುಖ್ಯವಾಗಿ ಗ್ಲೈಕೋಜನ್ ಮೇಲೆ. ಭರ್ತಿ ಹತ್ತಿರ ಬಂದಾಗ ರೊಟ್ಟಿ ಬಿಟ್ಟು, ಖಾಲಿ ಖಾತೆ ಹೊತ್ತು ಓಡಿದರೆ, ಒಂದು ವರ್ಷದ ದುಡಿಮೆ ಕೊನೆಯ ಸುತ್ತಿನಲ್ಲಿ ಹೋಗುತ್ತದೆ. ಈ ನೌಕರಿಯ ಮೇಲೆ ಇಡೀ ಮನೆ ಕಣ್ಣಿಟ್ಟಿರುತ್ತದೆ. ಆ ತಿಂಗಳುಗಳಲ್ಲಿ ಈ ಪ್ರಯೋಗ ಬೇಡ.

ಹೊಟ್ಟೆ ಇಳಿಸಬೇಕು, ತೋಳು ಉಳಿಯಬೇಕು ಎನ್ನುವವರಿಗೆ ನಮ್ಮ ತಾಟಿನಲ್ಲೇ ಒಂದು ಲೆಕ್ಕ ಇದೆ. 60 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ 200 ಕ್ಯಾಲೊರಿ. ಮಧ್ಯಾಹ್ನ ಒಂದು, ರಾತ್ರಿ ಒಂದು ರೊಟ್ಟಿ ಕಡಿಮೆ ಮಾಡಿದರೆ 400 ಉಳಿಯಿತು. ದಿನಕ್ಕೆ ಮೂರು ಚಹಾದ ಸಕ್ಕರೆ ಬಿಟ್ಟರೆ ಇನ್ನು 120. ಒಟ್ಟು 520. ಪ್ರಾಗ್ ನಗರದವರು ಕಡಿತ ಮಾಡಿದ್ದೂ ಇಷ್ಟನ್ನೇ. ಏಳು ದಿನವೂ ನಡೆಸಿದರೆ ವಾರಕ್ಕೆ ಅರ್ಧ ಕಿಲೋಗೆ ತುಸು ಕಡಿಮೆ ಕೊಬ್ಬು ಇಳಿಯಬೇಕು. ಬೇಳೆ, ಕಾಳು, ಮೊಸರು, ಮೊಟ್ಟೆ ಬಿಡಬೇಡಿ. ಅವು ಹೆಚ್ಚಾದಷ್ಟು ಎಣ್ಣೆ-ಶೇಂಗಾ ಕಡಿಮೆ ಮಾಡಿಕೊಳ್ಳಿ. ವಾರಕ್ಕೆ ಮೂರು ದಿನ ಭಾರ ಎತ್ತಿರಿ, ಏಕೆಂದರೆ ಸ್ನಾಯು ಬೇಕು ಎಂದು ದೇಹಕ್ಕೆ ತಿಳಿಸುವುದು ಆ ಭಾರವೇ.

ಕೊನೆಗೆ, ಕೇಳಿದ್ದನ್ನು ಇನ್ನೊಮ್ಮೆ ನೆನಪಿಗೆ ತಂದುಕೊಳ್ಳೋಣ. ಚಕ್ರೀಯ ಕೀಟೋ ಎಂದರೆ ಐದು ದಿನ ಪಿಷ್ಟ ಬಿಟ್ಟು, ಸ್ನಾಯು ಬರಿದು ಮಾಡಿ, ಎರಡು ದಿನ ಅಳತೆಯಿಂದ ತುಂಬುವುದು. ಮೊದಲ ವಾರ ಇಳಿಯುವುದು ಹೆಚ್ಚಾಗಿ ನೀರು. ಕೊಬ್ಬು ಇಳಿಯುವುದು ವಾರದ ಒಟ್ಟು ಜಮಾ-ಖರ್ಚಿನಿಂದ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ರೊಟ್ಟಿ ಬಿಡಬಾರದು. ಮಗನ ತಾಟು ನೋಡಿ ತಂದೆ ತನ್ನ ತಾಟು ಬದಲಿಸಬಾರದು. ಈ ಒಂದು ಮಾತನ್ನು ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರಿಗೆಲ್ಲ ಹೇಳಿರಿ. ಕನ್ನಡದಲ್ಲಾದರೂ ಹೇಳಿ, ಮರಾಠಿಯಲ್ಲಾದರೂ ಹೇಳಿ.